ಹೊಸ ಅಧ್ಯಕ್ಷೆಯ ಕಾಲ್ಗುಣ

ಒಂದೇ ಒಂದು ಓಟಿನಿಂದ ಆಕೆ ನಮ್ಮ ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯಾದಳು. ಗುಂಡ್ಲುಪೇಟೆಯಿಂದ ಬಂದಿದ್ದ ಅಧಿಕಾರಿ ಸದಸ್ಯರ ಚೀಟಿಗಳನ್ನು ಎರಡು ಸಲ ಎಣಿಸಿ, ಹೊರಗೆ ಬಂದು ಹೆಸರು ಓದಿದರು. ಅಂಗಳದಲ್ಲಿ ನಿಂತಿದ್ದವರಲ್ಲಿ ಅರ್ಧ ಜನ ಕೂಗಿ ಕುಣಿದರು. ಇನ್ನರ್ಧ ಜನ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಒಂದು ಮಾತೂ ಆಡದೆ ಹೊರಟುಹೋದರು. ಗ್ರಂಥಾಲಯದ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ನನಗೆ ಹೆದರಿಕೆಯಾದದ್ದು ಹಾಗೆ ಸುಮ್ಮನೆ ಹೋದವರನ್ನು ಕಂಡು. ಯಾಕೆಂದರೆ ಅವರಲ್ಲಿ ಎಲ್ಲರಿಗಿಂತ ಮುಂದೆ ನಡೆದಿದ್ದವರು ನನ್ನ ಭಾವ, ನನ್ನ ಗಂಡನ ಅಣ್ಣ.

ನನ್ನ ತವರು ಚಾಮರಾಜನಗರದ ಹತ್ತಿರ ಹರದನಹಳ್ಳಿ. ಅಲ್ಲಿ ಹುಲಿ ಎಂದರೆ ಪೇಪರಿನಲ್ಲಿ ಬರುವ ಸುದ್ದಿ. ಮದುವೆಯಾಗಿ ಈ ಊರಿಗೆ ಬಂದೆ. ಗುಂಡ್ಲುಪೇಟೆ ಆಚೆಯ ಹಂಗಳ ದಾಟಿ ಒಳಗೆ ಬಂದರೆ ಕಾಡಿಗೂ ಹೊಲಕ್ಕೂ ನಡುವೆ ಒಂದು ಕಂದಕ ಮಾತ್ರ. ಊರಿಗೆ ಎರಡು ಬೀದಿ. ನಮ್ಮದು ಮೇಗಲ ಬೀದಿ, ಆಕೆಯದು ಕೆಳಗಲ ಬೀದಿ. ಪಂಚಾಯಿತಿ ಕಟ್ಟಡ ಎರಡರ ಮಧ್ಯೆ ಇದೆ. ಅದರಲ್ಲೊಂದು ಕೋಣೆಯ ಗ್ರಂಥಾಲಯವನ್ನು ನಾನು ನೋಡಿಕೊಳ್ಳುತ್ತೇನೆ.

ಆಕೆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿಕೊಂಡಿದ್ದವಳು. ಊರಿನ ಎರಡೂ ಬೀದಿಯ ಮಕ್ಕಳು ಆಕೆ ಬಡಿಸಿದ್ದನ್ನು ತಿಂದವರೇ. ಅಧ್ಯಕ್ಷ ಸ್ಥಾನ ಈ ಸಲ ಮಹಿಳೆಗೆ ಮೀಸಲಾದಾಗ ನಮ್ಮ ಬೀದಿಯವರು ತಮ್ಮ ಕಡೆಯ ಒಬ್ಬಾಕೆಯನ್ನು ಗೊತ್ತುಮಾಡಿದ್ದರು. ಅದಕ್ಕಾಗಿ ಮನೆಮನೆ ತಿರುಗಿದವರು ಭಾವ. ನಮ್ಮ ಕಡೆಯ ಒಬ್ಬ ಸದಸ್ಯ ಗುಟ್ಟಾಗಿ ಆ ಕಡೆಗೆ ಓಟು ಹಾಕಿದ್ದ. ಯಾರೆಂದು ಗೊತ್ತಾಗಲಿಲ್ಲ. ಅಂದಿನಿಂದ ನಮ್ಮ ಬೀದಿಯಲ್ಲಿ ಒಬ್ಬರು ಇನ್ನೊಬ್ಬರ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡತೊಡಗಿದರು.

ಅವತ್ತು ಮಧ್ಯಾಹ್ನ ಕೆಳಗಲ ಬೀದಿಯಲ್ಲಿ ಪಟಾಕಿ ಸದ್ದು ನಿಲ್ಲಲೇ ಇಲ್ಲ. ಊಟಕ್ಕೆ ಕೂತ ಭಾವ ಮುದ್ದೆ ಮುರಿಯುತ್ತಾ, "ಸೌಟು ಇಡ್ಕಂಡಿದ್ದ ಕೈಗ ಸೀಲು ಕೊಟ್ಬುಟ್ರಲ್ಲ" ಅಂದರು.

ನನ್ನ ಅತ್ತೆ ಸಾರು ಬಿಡುತ್ತಾ, "ಆ ಸೌಟ್ನಲ್ಲೇ ಕಣಪ್ಪ ನಿನ್ನ ಮಕ್ಳೂ ಉಂಡು ಬೆಳ್ದದ್ದು" ಎಂದರು.

ಭಾವ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಕೈ ತೊಳೆದರು.

ಮಾರನೆಯ ದಿನ ಬೆಳಿಗ್ಗೆ ಆಕೆ ನೇರವಾಗಿ ಗ್ರಂಥಾಲಯಕ್ಕೆ ಬಂದಳು. ನಾನು ಎದ್ದು ನಿಂತೆ. ಹಿಂದಿನ ವಾರ ಬಂದಿದ್ದರೆ ಏಳುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಬನ್ನಿ ಮೇಡಂ" ಅಂದೆ.

"ಯಾವ ಮೇಡಮ್ಮು ಕಣವ್ವ. ಆ ಕುರ್ಚಿ ತಿರುಗ್ತದ, ಕುಂತ್ರ ತಲೆ ಸುತ್ತದ. ವಸಿ ಇಲ್ಲಿ ಕುಂತ್ಕತೀನಿ" ಎಂದು ಬೆಂಚಿನ ತುದಿಯಲ್ಲಿ ಕೂತಳು. ಕೈಯಲ್ಲಿ ಪಿಡಿಓ ಕೊಟ್ಟಿದ್ದ ಕಾಗದಗಳಿದ್ದವು. "ಓದ್ದೆ ಸೈನ್ ಮಾಡ್ಬ್ಯಾಡ ಅಂತ ನನ್ನ ಮಗಳು ಯೋಳವ್ಳ. ನಾನ್ ಓದದು ನಿಧಾನ. ತಪ್ಪಾದ್ರ ತಿದ್ದು."

ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದಳು. ಗೊತ್ತಾಗದ ಪದ ಬಂದಾಗ ನಾಚಿಕೆಯಿಲ್ಲದೆ ಕೇಳಿದಳು. ಬೀದಿದೀಪದ ಒಂದು ಕಾಗದಕ್ಕೆ ಸಹಿ ಹಾಕದೆ, "ಇದ್ರಲ್ಲಿ ನಮ್ಮ ಬೀದಿ ಬುಟ್ಟೋಗದ. ನಿಮ್ಮ ಬೀದಿ ಎರಡ್ ಸಲ ಬಂದದ" ಎಂದು ಪಕ್ಕಕ್ಕಿಟ್ಟಳು. ನನಗೆ ಆಕೆಯ ಮೇಲೆ ಒಳ್ಳೆಯ ಭಾವನೆ ಮೂಡಿತು. ಅದರ ಹಿಂದೆಯೇ, ಇದನ್ನು ಮನೆಯಲ್ಲಿ ಯಾರಿಗೂ ಹೇಳಬಾರದು ಎನ್ನಿಸಿತು.

ಆ ಮಧ್ಯಾಹ್ನವೇ ಕಾಡಂಚಿನ ಹೊಲದಲ್ಲಿ ನಮ್ಮ ಬೀದಿಯವರ ಒಂದು ಕರುವನ್ನು ಹುಲಿ ಹಿಡಿಯಿತು.

ಹುಲಿ ಬರುವುದು ನಮ್ಮೂರಿಗೆ ಹೊಸದಲ್ಲ. ವರ್ಷಕ್ಕೊಮ್ಮೆಯೋ ಎರಡು ಸಲವೋ ಹೆಜ್ಜೆ ಕಾಣುತ್ತಿತ್ತು. ಆದರೆ ಸಂಜೆಯ ಹೊತ್ತಿಗೆ ಟೀ ಅಂಗಡಿಯಲ್ಲಿ ಮಾತು ಬೇರೆಯಾಗಿತ್ತು. "ಎಲ್ಲಾ ಅವ್ಳ ಕಾಲ್ಗುಣ" ಎಂದು ಯಾರೋ ಅಂದರಂತೆ. ಮೊದಲು ಅದು ನಗೆಯ ಮಾತಾಗಿತ್ತು. ಎರಡು ದಿನ ಬಿಟ್ಟು ಕಂದಕದ ಪಕ್ಕ ಮೇಯುತ್ತಿದ್ದ ಮೇಕೆ ಹೋದ ಮೇಲೆ ಯಾರೂ ನಗಲಿಲ್ಲ. ಕೆಳಗಲ ಬೀದಿಯವರು, "ಉಲಿಗೇನ್ ಓಟಿನ ಚೀಟಿ ಕೊಟ್ಟಿದ್ರಾ?" ಎಂದು ತಿರುಗಿ ಬೈದರು. ಟೀ ಅಂಗಡಿಯವನು ಪಂಚಾಯಿತಿಗೆ ದಿನವೂ ಕಳಿಸುತ್ತಿದ್ದ ಟೀ ನಿಲ್ಲಿಸಿದ. ಕೇಳಿದರೆ, "ಹಾಲಿಲ್ಲ" ಅಂದ. ಅಂಗಡಿಯೊಳಗೆ ಪಾತ್ರೆ ತುಂಬ ಹಾಲು ಕುದಿಯುತ್ತಿತ್ತು.

ಅರಣ್ಯ ಇಲಾಖೆಯವರು ಲಂಟಾನದ ಪೊದೆಗಳ ಮಗ್ಗುಲಲ್ಲಿ ಬೋನು ತಂದಿಟ್ಟರು. ಹುಲಿ ಅದರತ್ತ ಸುಳಿಯಲಿಲ್ಲ. ಅದರ ಬಾಗಿಲು ಹಗಲೆಲ್ಲಾ ತೆರೆದುಕೊಂಡು ಊರ ಕಡೆಗೇ ಮುಖ ಮಾಡಿ ನಿಂತಿರುತ್ತಿತ್ತು. ಹೆಂಗಸರು ಒಂಟಿಯಾಗಿ ಹೊಲಕ್ಕೆ ಹೋಗುವುದನ್ನು ಬಿಟ್ಟರು. ಕೀಳುವವರಿಲ್ಲದೆ ಚೆಂಡುಹೂ ಗಿಡದಲ್ಲೇ ಬಾಡಿತು. ಶಾಲೆಗೆ ಹೋಗುವ ಮಕ್ಕಳನ್ನು ಎರಡು ಬೀದಿಯವರೂ ಬೇರೆ ಬೇರೆ ಗುಂಪು ಮಾಡಿ ಕಳಿಸಿದರು. ಒಂದೇ ದಾರಿ, ಒಂದೇ ಶಾಲೆ, ನಡುವೆ ಐವತ್ತು ಹೆಜ್ಜೆ ಅಂತರ.

ಆಕೆ ಅಧ್ಯಕ್ಷೆಯಾದ ಮೊದಲ ಭಾನುವಾರ ನಮ್ಮ ಮನೆಯ ಸರದಿ ಬಂತು. ಹೊಲದ ಬದುವಿನಲ್ಲಿ ಕಟ್ಟಿದ್ದ ಭಾವನ ಕರೆಯುವ ಹಸುವನ್ನು ಹಾಡಹಗಲೇ ಹುಲಿ ಕೊಂದಿತು. ಭಾವ ಬುತ್ತಿ ತಿನ್ನಲು ಮರದ ನೆರಳಿಗೆ ಹೋಗಿದ್ದರಂತೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ನಾವೆಲ್ಲ ಓಡಿಹೋದಾಗ ಅವರು ಹಸುವಿನ ತಲೆಯ ಬಳಿ ಕೂತು, ಅದರ ಹಣೆಯ ಮೇಲೆ ಕೈಯಿಟ್ಟು ಅಳುತ್ತಿದ್ದರು. ಭಾವ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಹಸು ಕರುವಾಗಿದ್ದಾಗ ತಾಯಿ ಸತ್ತು, ಬಾಟಲಿಯಲ್ಲಿ ಹಾಲು ಕುಡಿಸಿ ಅದನ್ನು ಬದುಕಿಸಿದವರು ಅವರೇ. ಮುಂದೆ ನಡೆದದ್ದನ್ನು ನೆನೆದಾಗಲೆಲ್ಲ ಈ ಅಳುವನ್ನೂ ನೆನೆಯುತ್ತೇನೆ. ಇಲ್ಲದಿದ್ದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಸುದ್ದಿ ತಿಳಿದು ಅಧ್ಯಕ್ಷೆ ನಡೆದೇ ಬಂದಳು. ಜನ ದಾರಿ ಬಿಟ್ಟರು. ಆದರೆ ಯಾರೂ ಮಾತಾಡಿಸಲಿಲ್ಲ.

ಭಾವ ಎದ್ದು ನಿಂತರು. "ನೋಡ್ದಾ? ನೀನು ಆ ಕುರ್ಚೀಲಿ ಕುಂತ್ಮ್ಯಾಲೆ ಇದು ಮೂರ್ನೇದು."

"ರೇಂಜರ್ ಸಾಯೇಬ್ರಿಗ ಫೋನ್ ಮಾಡಿವ್ನಿ ಕಣಪ್ಪ" ಎಂದಳು ಆಕೆ. "ನಾಳೆ ಬೆಳಿಗ್ಗೆ ಆನೆ ಕರ್ಕಂಡ್ ಬತ್ತಾರಂತ. ಇವತ್ತು ಯಾರೂ ಈ ಹೊಲದ ತಂಟ್ಗ ಬರ್ಬ್ಯಾಡಿ. ನಿನ್ನ ಹಸೀನ ನಾನು ತಂದ್ಕೊಡಕ ಆಗದಿಲ್ಲ. ಇನ್ನೊಬ್ರದು ಓಗ್ದಂಗ ನೋಡ್ಕತೀನಿ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಭಾವ ನಗಲಿಲ್ಲ. ಆಕೆಯನ್ನೇ ನೋಡುತ್ತಾ ನಿಂತಿದ್ದರು. ಅವರ ಕಣ್ಣು ಅಷ್ಟರಲ್ಲಿ ಒಣಗಿತ್ತು.

ಮನೆಗೆ ಬಂದ ಮೇಲೆ ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಕೊಟ್ಟಿಗೆಯ ಹಿಂದೆ ಭಾವ ಮತ್ತು ನನ್ನ ಗಂಡ ಮಾತಾಡುತ್ತಿದ್ದರು. ಬೆಳೆಗೆ ಹೊಡೆಯುವ ಔಷಧಿಯ ಘಾಟು ಮೂಗಿಗೆ ಬಡಿಯಿತು.

"ಕೊಂದದ್ದ ತಿನ್ನಕ ಅದು ಸಂಜ್ಗ ಬಂದೇ ಬತ್ತದ ಕಣ್ಲಾ. ಬರ್ಲಿ" ಎಂದರು ಭಾವ.

"ಬ್ಯಾಡ ಬುಡಣ್ಣ. ಗೊತ್ತಾದ್ರ ಜೈಲ್ಗ ಆಕ್ತಾರ" ಎಂದರು ನನ್ನ ಗಂಡ.

"ಯಾರ್ಗ್ಲಾ ಗೊತ್ತಾದದು? ಗೊತ್ತಾದ್ರೂ ಅದು ಅಧ್ಯಕ್ಷೆ ತಲೆ ಮ್ಯಾಲೇ ಬತ್ತದ. ಅವ್ಳು ಬಂದು ಎಂಟ್ ದಿನ ಆಗಿಲ್ಲ, ಊರ್ನಲ್ಲಿ ಉಲಿ ಸತ್ತು ಬಿದ್ರ, ಪೇಪರ್ನೋರು ಟಿವಿನೋರು ಎಲ್ಲಾ ಬತ್ತಾರ. ಆಗ ಆ ಕುರ್ಚೀಲಿ ಎಷ್ಟ್ ದಿನ ಕುಂತಿರ್ತಾಳೋ ನೋಡನ."

ನನ್ನ ಕೈಯಲ್ಲಿದ್ದ ಚೊಂಬನ್ನು ಸದ್ದಾಗದಂತೆ ಕೆಳಗಿಟ್ಟೆ. ಹಸುವಿಗಾಗಿ ಅತ್ತ ಮನುಷ್ಯ ಅದೇ ಹಸುವಿನ ಮೈಗೆ ವಿಷ ಸವರಲು ಹೊರಟಿದ್ದರು. ಹುಲಿಯ ಮೇಲಿನ ಸಿಟ್ಟು ಯಾವುದು, ಆಕೆಯ ಮೇಲಿನದು ಯಾವುದು ಎಂದು ಅವರಿಗೇ ಗೊತ್ತಿರಲಿಲ್ಲವೇನೋ. ನನ್ನ ಗಂಡ ಇನ್ನೊಂದು ಸಲ "ಬ್ಯಾಡ" ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ.

ನಾನು ಚಪ್ಪಲಿ ಮೆಟ್ಟಿಕೊಂಡೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಿದರು. "ಎಲ್ಗವ್ವ?"

"ಲೈಬ್ರರಿ ಕಿಟಕಿ ಹಾಕಿದ್ನೋ ಇಲ್ವೋ ಅಂತ ನೋಡ್ಕಂಡು ಬತ್ತೀನತ್ತೆ."

ಅವರು ನನ್ನನ್ನು ನೋಡಿದರು. ಕೊಟ್ಟಿಗೆಯ ಕಡೆ ನೋಡಿದರು. "ಬಿರ್ನೆ ಓಗಿ ಬಾ" ಅಂದರು, ಅಷ್ಟೆ.

ಮದುವೆಯಾಗಿ ಬಂದ ಇಷ್ಟು ವರ್ಷದಲ್ಲಿ ನಾನು ಕೆಳಗಲ ಬೀದಿಯೊಳಗೆ ಕಾಲಿಟ್ಟಿದ್ದು ಅದೇ ಮೊದಲು. ಜನಗಣತಿಗೆ ಹೋದ ಮೇಷ್ಟ್ರುಗಳನ್ನು ಬಿಟ್ಟರೆ ನಮ್ಮ ಬೀದಿಯವರು ಅಲ್ಲಿಗೆ ಹೋಗುತ್ತಿರಲಿಲ್ಲ. ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಅಧ್ಯಕ್ಷೆ ಮನೆಯ ಮುಂದೆ ಬಟ್ಟೆ ಹರವುತ್ತಿದ್ದಳು. ನಾನು ಹತ್ತಿರ ಹೋಗಿ, "ಸತ್ತ ಹಸಿಗ ಔಷಧಿ ಹಾಕ್ತಾರೆ" ಎಂದಷ್ಟೇ ಹೇಳಿದೆ.

ಯಾರು ಎಂದು ಆಕೆ ಕೇಳಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಹರವಿ ಮುಗಿಸಿ, "ನೀ ಇಲ್ಗ ಬಂದದ್ದ ಯಾರಾದ್ರೂ ಕಂಡ್ರಾ?" ಎಂದಳು.

"ಬೀದೀಲಿ ಇದ್ದೋರೆಲ್ಲ ಕಂಡ್ರು."

ಒಳಗೆ ಹೋಗಿ ಒಂದು ಫೈಲು ತಂದು ನನ್ನ ಕೈಗಿತ್ತಳು. "ಇದ ಎದ್ದು ಕಾಣಂಗ ಇಡ್ಕಂಡ್ ಓಗು. ಯಾರಾದ್ರೂ ಕೇಳಿದ್ರ ಸೈನ್ ಹಾಕ್ಸಕ ಬಂದಿದ್ದೆ ಅನ್ನು." ಆಮೇಲೆ ನನ್ನ ಭುಜ ಮುಟ್ಟಿದಳು. "ಓಗವ್ವ. ತಿರುಗಿ ನೋಡ್ಬ್ಯಾಡ."

ಫೈಲನ್ನು ಎದೆಗವಚಿಕೊಂಡು ಬಂದು ಪಂಚಾಯಿತಿಯ ಮೆಟ್ಟಿಲ ಮೇಲೆ ನಿಂತೆ. ಅಲ್ಲಿಂದ ಹೊಲಗಳು ಕಾಣುತ್ತವೆ. ಸ್ವಲ್ಪ ಹೊತ್ತಿಗೆ ಆಕೆ, ಆಕೆಯ ಜೊತೆ ಅಡುಗೆ ಮಾಡುತ್ತಿದ್ದ ಇಬ್ಬರು ಹೆಂಗಸರು, ಮೂವರೂ ಉದ್ದನೆಯ ಕೋಲು ಹಿಡಿದು ಬದುವಿನ ಮೇಲೆ ಹೋಗುತ್ತಿರುವುದು ಕಂಡಿತು. ಆದರೆ ಆಗಲೇ ತಡವಾಗಿತ್ತು. ಅವರು ತಲುಪುವ ಹೊತ್ತಿಗೆ ಹಸುವಿನ ಮೈಯಿಂದ ಔಷಧಿಯ ಘಾಟು ಬರುತ್ತಿತ್ತಂತೆ. ಪಕ್ಕದಲ್ಲಿ ಎರಡು ಕಾಗೆ ಬಿದ್ದಿದ್ದವಂತೆ.

ಅರಣ್ಯದವರಿಗೆ ಫೋನ್ ಮಾಡಿ, ಅವರ ಜೀಪು ಬರುವವರೆಗೆ ಹುಲಿ ಹಸುವಿನ ಹತ್ತಿರ ಬಾರದಂತೆ ಮೂವರೂ ಅಲ್ಲೇ ಕೂತರು. ನಲವತ್ತು ಹೆಜ್ಜೆಯಾಚೆ ಲಂಟಾನದ ಪೊದೆ. ಅದರೊಳಗಿನಿಂದ ಒಂದು ನವಿಲು ಕೂಗಿ ಹಾರಿತಂತೆ, ಆಮೇಲೆ ಮುಸುವ ಕೋತಿಗಳು ಒಂದೇ ಸಮನೆ ಕೆಮ್ಮಿದಂತೆ ಸದ್ದು ಮಾಡತೊಡಗಿದವಂತೆ. ಹುಲಿ ಹತ್ತಿರದಲ್ಲೇ ಇದೆ ಎಂಬ ಅದರ ಅರ್ಥವನ್ನು ಕಾಡಂಚಿನವರಿಗೆ ಹೇಳಿಕೊಡಬೇಕಿಲ್ಲ. ಮೂವರೂ ಭಯಕ್ಕೆ ಜೋರಾಗಿ ಮಾತಾಡುತ್ತಲೇ ಇದ್ದರಂತೆ. ಏನು ಮಾತಾಡಿದಿರಿ ಎಂದು ಆಮೇಲೆ ನಾನು ಅವರಲ್ಲೊಬ್ಬಳನ್ನು ಕೇಳಿದೆ. "ನಾಳೆ ಮಕ್ಳ ಸಾರ್ಗ ಏನ್ ಆಕದು ಅಂತ ನಾಕ್ ಸಲ ಮಾತಾಡ್ದೊ" ಅಂದಳು.

ಹೊತ್ತು ಇಳಿಯುವಾಗ ಅರಣ್ಯದವರು ಬಂದರು. ರೇಂಜರಿಗೆ ವಾಸನೆಯಿಂದಲೇ ಎಲ್ಲ ತಿಳಿಯಿತು. "ಯಾರಮ್ಮ ಇದನ್ನ ಮಾಡಿದ್ದು? ನಿಮಗೆ ಗೊತ್ತಿರ್ಲೇಬೇಕು" ಎಂದು ಗದರಿದರಂತೆ.

"ನಂಗೊತ್ತಿಲ್ಲ ಸಾ" ಎಂದಳಂತೆ ಆಕೆ.

ಹಸುವನ್ನು ಅಲ್ಲೇ ಸುಟ್ಟರು. ಅರಿಸಿನ ಕುಂಕುಮ ಇಟ್ಟು ಹೂಳುವುದಕ್ಕೂ ಬಿಡಲಿಲ್ಲ. ಭಾವ ಜಗಲಿಯ ಕಂಬಕ್ಕೆ ಒರಗಿ ನಿಂತು ಆ ಹೊಗೆಯನ್ನು ನೋಡುತ್ತಿದ್ದರು. "ಯಾರೋ ಯೋಳವ್ರ" ಅಂದರು, ಯಾರನ್ನೂ ನೋಡದೆ.

ಬೆಳಗಾದಾಗ ನಮ್ಮ ಬೀದಿಯಲ್ಲಿ ಮೂರು ನಾಯಿಗಳು ಸತ್ತು ಬಿದ್ದಿದ್ದವು. ಹೆಂಗಸರು ಹೋಗುವ ಮೊದಲೇ ಅವು ಆ ಮಾಂಸಕ್ಕೆ ಬಾಯಿ ಹಾಕಿದ್ದವು. ಒಂದು ನಾಯಿ ಅಂಗನವಾಡಿಯ ಮೆಟ್ಟಿಲ ಹತ್ತಿರ ಬಿದ್ದಿತ್ತು. ಅತ್ತೆ ಅಂಗಳಕ್ಕೆ ಮೂರು ಸಲ ಸಗಣಿ ನೀರು ಹಾಕಿ ತೊಳೆದರು. ಭಾವನ ಜೊತೆ ಮಾತ್ರ ಆ ದಿನವೆಲ್ಲ ಮಾತಾಡಲಿಲ್ಲ.

ಊರು ಎರಡಾಗಿದ್ದದ್ದು ಈಗ ಇನ್ನಷ್ಟು ಚೂರಾಯಿತು. ನಮ್ಮ ಬೀದಿಯಲ್ಲಿ, "ಸಾಯೋ ಉಲೀನ ಉಳಿಸ್ಬುಟ್ಲು, ನಾಳೆ ಮಕ್ಳ ಇಡ್ಕಂಡ್ ಓದ್ರ ಅವ್ಳೇ ಜವಾಬ್ದಾರಿ" ಎಂದರು. ಕೆಳಗಲ ಬೀದಿಯಲ್ಲಿ ಎದ್ದ ಮಾತು ಆಕೆಗೆ ಹೆಚ್ಚು ನೋವು ಕೊಟ್ಟಿತು. "ನಮ್ಮೋನು ಯಾವನಾದ್ರೂ ಇಂಗ್ ಮಾಡಿದ್ರ ಇಷ್ಟೊತ್ಗ ಜೈಲಲ್ಲಿ ಇರ್ತಿದ್ದ. ಮೇಗಲ ಬೀದಿಯೋರ್ನ ಯಾಕ್ ಕಾಪಾಡುದ್ಲು?" ಎಂದು ಆಕೆಗೆ ಓಟು ಹಾಕಿದವರೇ ಕೇಳಿದರು. ಪಟಾಕಿ ಹೊಡೆದಿದ್ದ ಹುಡುಗರು ಆಕೆ ಎದುರಾದರೆ ದಾರಿ ಬದಲಿಸಿದರು.

ನಾನೂ ಕೇಳಿದೆ. ಗ್ರಂಥಾಲಯದಲ್ಲಿ ಬೇರೆ ಯಾರೂ ಇಲ್ಲದ ಹೊತ್ತು. "ಗೊತ್ತಿದ್ದೂ ಯಾಕಕ್ಕ ಹೇಳ್ನಿಲ್ಲ?" ಅಕ್ಕ ಎಂಬ ಮಾತು ತಾನಾಗಿ ಬಂದಿತ್ತು.

"ಎಸ್ರು ಯೋಳಿದ್ರ ಪೊಲೀಸ್ನೋರು ಬತ್ತಿದ್ರು. ನಿಮ್ಮ ಬೀದಿ ಒಂದ್ಕಡೆ ನಿಂತ್ಕತ್ತಿತ್ತು, ನಮ್ದು ಒಂದ್ಕಡೆ. ಆಮ್ಯಾಲೆ ಏನಾಯ್ತದ ಅಂತ ನಾನು ಸಣ್ಣೋಳಿದ್ದಾಗ ನೋಡಿವ್ನಿ ಕಣವ್ವ. ಆಗ ನಮ್ಮಪ್ಪನ ಕೈ ಮುರ್ದಿದ್ರು." ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಆದ್ರ ಸುಳ್ಳು ಯೋಳ್ಬುಟ್ಟೆ. ಅಧ್ಯಕ್ಷೆ ಆಗಿ ಎಂಟ್ ದಿನಕ್ಕೇ. ಇದು ಎಲ್ಗ ಓಗಿ ನಿಂತ್ಕತ್ತದೋ."

ಆನೆಗಳು ಬಂದು ಮೂರು ದಿನ ಪೊದೆ ಪೊದೆ ಹುಡುಕಿದವು. ಹುಲಿ ಸಿಗಲಿಲ್ಲ. ಆನೆಗಳು ಹೋದ ಮಾರನೆಯ ಬೆಳಿಗ್ಗೆ ಶಾಲೆಯ ನಲ್ಲಿಯ ಸುತ್ತ, ಕೆಸರಿನಲ್ಲಿ, ಅಂಗೈಗಿಂತ ದೊಡ್ಡ ಹೆಜ್ಜೆಗಳು ಒತ್ತಿದ್ದವು.

ಆ ಭಯದಲ್ಲೇ ಆಕೆಯ ಮೊದಲ ಗ್ರಾಮಸಭೆ ನಡೆಯಿತು. ಶಾಲೆಯ ಸಭಾಂಗಣದಲ್ಲಿ ಹಾಕಿದ್ದ ಕುರ್ಚಿಗಳಲ್ಲಿ ಮುಂದಿನ ಸಾಲು ಖಾಲಿ. ಎರಡೂ ಬೀದಿಯವರು ಹಿಂದಿನ ಗೋಡೆಗೆ ಒತ್ತಿಕೊಂಡು, ಆ ಕಡೆ ಈ ಕಡೆ ನಿಂತಿದ್ದರು. ಆಕೆ ಕಾಡಂಚಿಗೆ ಬೇಲಿ, ಶಾಲೆಗೆ ಕಾಂಪೌಂಡು ಎಂದು ಒಂದೊಂದೇ ವಿಷಯ ಓದುತ್ತಿದ್ದಾಗ ಭಾವ ಕೈಯೆತ್ತಿದರು.

"ಅದಿರ್ಲಿ. ಅವತ್ತು ನನ್ನ ಹಸಿನ ಹತ್ರ ಓಗಿ ಕುಂತ್ಕಂಡ್ಯಲ್ಲ, ನಿಂಗ ಯೋಳ್ದೋರು ಯಾರು?"

ವರದಿ ಬರೆದುಕೊಳ್ಳಲು ಮೇಜಿನ ಪಕ್ಕ ಕೂತಿದ್ದ ನನ್ನ ಪೆನ್ನು ನಿಂತಿತು.

"ಗಾಳಿ ಯೋಳ್ತು ಕಣಪ್ಪ" ಎಂದಳು ಆಕೆ, ದನಿ ಏರಿಸದೆ. "ಘಾಟು ಊರ್ಗಂಟ ಬಂದಿತ್ತು. ನಿಂಗ ಬರ್ನಿಲ್ವಾ?"

ಕೆಲವರು ನಕ್ಕರು. ಭಾವನೂ ಸ್ವಲ್ಪ ನಕ್ಕಂತೆ ಕಂಡಿತು. ಆದರೆ ಅವರು ನೋಡುತ್ತಿದ್ದದ್ದು ಆಕೆಯನ್ನಲ್ಲ.

ಸಂಜೆ ಮನೆಯಲ್ಲಿ ನಾನು ಕಾಫಿ ಕೊಡಲು ಹೋದಾಗ ಮೆಲ್ಲಗೆ ಕೇಳಿದರು. "ಅವತ್ತು ಕೆಳಗಲ ಬೀದಿಗ ಸೈನ್ ಹಾಕ್ಸಕ ಓಗಿದ್ಯಂತಲ್ಲ ಕಣಮ್ಮಿ. ಆಪೀಸ್ಗ ಭಾನುವಾರನೂ ರಜ ಇಲ್ವಾ?"

ಒಳಗಿನಿಂದ ಅತ್ತೆ, "ನಾನೇ ಕಳ್ಸಿದ್ದೆ ಬುಡ್ಲಾ" ಎಂದರು. ಅದು ಸುಳ್ಳು. ಭಾವನಿಗೂ ಅದು ಸುಳ್ಳೆಂದು ಗೊತ್ತಾಯಿತು. ಅವರು ಲೋಟ ತೆಗೆದುಕೊಂಡು, "ಸಕ್ರೆ ಸರ್ಯಾಗದ" ಅಂದರು.

ಅವತ್ತು ಮಲಗುವ ಮುಂಚೆ ನನ್ನ ಗಂಡ ಗೋಡೆಗೆ ಮುಖ ಮಾಡಿಕೊಂಡು, "ನಾನೇ ತಡೀಬೇಕಿತ್ತು" ಎಂದರು. ಅಷ್ಟು ಬಿಟ್ಟು ಆ ವಿಷಯ ನಮ್ಮಿಬ್ಬರ ನಡುವೆ ಬಂದಿಲ್ಲ.

ತಿಂಗಳಾದ ಮೇಲೆ ತೆರಕಣಾಂಬಿ ಕಡೆಯ ಒಂದು ಊರಿನ ಹತ್ತಿರ ಹುಲಿಯೊಂದು ಬೋನಿಗೆ ಬಿತ್ತು. ಅದೇ ಹುಲಿ ಎಂದು ಕೆಳಗಲ ಬೀದಿಯವರು, ಅದಲ್ಲ ಎಂದು ನಮ್ಮ ಬೀದಿಯವರು ಇವತ್ತಿಗೂ ವಾದಿಸುತ್ತಾರೆ. ಆಮೇಲೆ ನಮ್ಮೂರಲ್ಲಿ ದನ ಹೋಗಿಲ್ಲ. ಬೀದಿದೀಪ ಎರಡೂ ಬೀದಿಗೆ ಬಂದಿದೆ. ಟೀ ಅಂಗಡಿಯವನು ಪಂಚಾಯಿತಿಗೆ ಮತ್ತೆ ಟೀ ಕಳಿಸುತ್ತಿದ್ದಾನೆ. ಆಕೆ ಅದನ್ನು ಕುಡಿಯುವುದಿಲ್ಲ, ಮನೆಯಿಂದ ಫ್ಲಾಸ್ಕು ತರುತ್ತಾಳೆ. ಯಾಕೆಂದು ನಾನು ಕೇಳಿಲ್ಲ.

ಇವತ್ತಿನವರೆಗೂ ಭಾವ ನನಗೆ ಒಂದು ಬಿರುಸು ಮಾತಾಡಿಲ್ಲ. ಮೊದಲಿಗಿಂತ ಮೃದುವಾಗಿದ್ದಾರೆ. ಅದೇ ನನಗೆ ಹೆದರಿಕೆ. ಅಧ್ಯಕ್ಷರ ಮೇಲೆ ಅವಿಶ್ವಾಸ ತರಲು ಕಾನೂನಿನ ಪ್ರಕಾರ ಇನ್ನೂ ಸ್ವಲ್ಪ ಕಾಲ ಕಳೆಯಬೇಕು. ಆ ದಿನಕ್ಕಾಗಿ ಅವರು ಒಬ್ಬೊಬ್ಬರನ್ನೇ ಕರೆಸಿ ಮಾತಾಡುತ್ತಿದ್ದಾರೆ. ಬಂದವರಿಗೆ ಕಾಫಿ ಮಾಡುವವಳು ನಾನು. ನಾನು ಲೋಟ ಹಿಡಿದು ಬಂದರೆ ಮಾತು ಮಳೆ ಬೆಳೆಗೆ ತಿರುಗುತ್ತದೆ.

ಮೊನ್ನೆ ಸಂಜೆ ಅಲ್ಲಿ ಕೆಳಗಲ ಬೀದಿಯ ಒಬ್ಬ ಸದಸ್ಯ ಕೂತಿದ್ದ. ಆ ಬೀದಿಯವರು ಯಾರೂ ಎಂದೂ ಹತ್ತದಿದ್ದ ನಮ್ಮ ಜಗಲಿಯ ಮೇಲೆ, ಭಾವನ ಪಕ್ಕದಲ್ಲೇ, ಒಂದೇ ಚಾಪೆಯ ಮೇಲೆ ಕೂತಿದ್ದ. ಅಂಥದ್ದು ನಮ್ಮ ಮನೆಯಲ್ಲಿ ಆಗಲಿ ಎಂದು ನಾನು ಎಷ್ಟೋ ಸಲ ಬಯಸಿದ್ದೆ. ಕಾಫಿ ಕೊಡುವಾಗ ಅವನು ನನ್ನ ಮುಖ ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ಆಕೆಗೆ ಹೇಳಿದೆ. ಈ ಸಲ ಹೆಸರನ್ನೂ ಹೇಳಿದೆ.

"ಗೊತ್ತು" ಎಂದಳು. "ಅಂವ ನಮ್ಮ ಚಿಕ್ಕಪ್ಪನ ಮಗ."

ಅಷ್ಟರಲ್ಲಿ ಪಿಡಿಓ ಕರೆದರು. ಆಕೆ ಎದ್ದು ಸೀರೆಯ ನಿರಿಗೆ ಸರಿಮಾಡಿಕೊಂಡು ಪಕ್ಕದ ಕೋಣೆಗೆ ಹೋದಳು. ಸಭೆಗೆ ಬಂದಿದ್ದ ಸದಸ್ಯರಿಗೆ ನಮಸ್ಕಾರ ಹೇಳುತ್ತಾ, ಅವರಲ್ಲಿ ಅವನನ್ನೂ ಹೆಸರು ಹಿಡಿದು ಕರೆದು, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು ಕೇಳುತ್ತಿದ್ದದ್ದು ನನಗೆ ಕೇಳಿಸಿತು.